ಗುರು ಯಾವ ಪರೀಕ್ಷೆಯಲ್ಲಿ ಫೇಲ್ ಆಗಿತ್ತು?

2026ರ ಜನವರಿ, ಎರಡನೇ ವಾರ. ಗುರು ಗ್ರಹ ಆಗ ತಾನೇ ಸೂರ್ಯನಿಗೆ ನೇರ ಎದುರಿಗೆ ಬಂದಿತ್ತು. ಸಂಜೆ ಮೂಡಿದರೆ ಬೆಳಗಿನವರೆಗೂ ಆಕಾಶದಲ್ಲೇ ಇರುತ್ತಿತ್ತು. ಇದ್ದದ್ದು ಮಿಥುನ ರಾಶಿಯಲ್ಲಿ, ಪುನರ್ವಸುವಿನ ಎರಡು ನಕ್ಷತ್ರಗಳಿಗೆ ಹತ್ತಿರದಲ್ಲಿ. ತಾರಸಿ ಮೇಲೆ ಆರಿಂಚಿನ ದೂರದರ್ಶಕ ಇಟ್ಟುಕೊಂಡು ಅಣ್ಣನ ಮಗಳಿಗೆ ತೋರಿಸುತ್ತಿದ್ದೆ. ಅವಳಿಗೆ ಏಳು ವರ್ಷ. ಸ್ಟೂಲ್ ಹತ್ತಿ ನಿಂತರೆ ಮಾತ್ರ ಕಣ್ಣು ಐಪೀಸಿಗೆ ಎಟುಕುತ್ತದೆ. ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಆಮೇಲೆ "ಪಟ್ಟೆ ಇದೆ ಚಿಕ್ಕಪ್ಪ, ಎರಡು" ಅಂದಳು. ಪಕ್ಕದಲ್ಲಿ ಸಾಲಾಗಿದ್ದ ಚುಕ್ಕಿಗಳನ್ನು ಎಣಿಸಿದಳು. ಅವು ಗುರುವಿನ ಚಂದ್ರರು ಅಂತ ಹೇಳಿದೆ. ಜೊತೆಗೆ, ಎಷ್ಟೋ ಸಲ ಹೇಳಿ ಬಾಯಿಗೆ ರೂಢಿಯಾಗಿದ್ದ ಇನ್ನೊಂದು ಮಾತೂ ಬಂತು: "ನಕ್ಷತ್ರ ಆಗೋಕೆ ಹೋಗಿ ಫೇಲ್ ಆದ ಗ್ರಹ ಇದು."

ಅವಳು ಐಪೀಸಿನಿಂದ ಕಣ್ಣು ತೆಗೆಯದೆಯೇ ಕೇಳಿದಳು: "ಯಾವ ಪರೀಕ್ಷೆ?"

ಹೇಳಲು ಏನೂ ತೋಚಲಿಲ್ಲ. ತಮಾಷೆಗೆ ಕೇಳಿದ್ದಲ್ಲ ಅವಳು. ಫೇಲ್ ಆಗಬೇಕಾದರೆ ಮೊದಲು ಪರೀಕ್ಷೆಗೆ ಕೂತಿರಬೇಕು ಅಲ್ವಾ? ಗುರು ಯಾವತ್ತಾದರೂ ನಕ್ಷತ್ರವಾಗುವ ದಾರಿಯಲ್ಲಿ ಇತ್ತಾ? ಸೂರ್ಯನಿಗೆ ಜೊತೆಗಾರನಾಗಿ, ಒಂದು ಯಮಳ ನಕ್ಷತ್ರದ ಇನ್ನರ್ಧ ಆಗಬೇಕಿದ್ದದ್ದು ಅರ್ಧಕ್ಕೇ ನಿಂತುಹೋಯಿತಾ? ಅಥವಾ ಅದರ ದಾರಿಯೇ ಬೇರೆಯಾ? ಆ ರಾತ್ರಿಯಿಂದ ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಎಂಬತ್ತು ಗುರು

ಆ ಮಾತು ಸುಮ್ನೆ ಹುಟ್ಟಿದ್ದಲ್ಲ. ಸೂರ್ಯನಲ್ಲಿ ಬಹುಪಾಲು ಇರುವುದು ಹೈಡ್ರೋಜನ್ ಮತ್ತು ಹೀಲಿಯಂ. ಗುರುವಿನಲ್ಲೂ ಅವೇ. ಸೂರ್ಯನಿಂದ ಬಂದು ಒಳಗಿಳಿಯುವ ಶಾಖಕ್ಕಿಂತ ಸುಮಾರು ಎರಡು ಪಟ್ಟು ಶಾಖವನ್ನು ಗುರು ಹೊರಗೆ ಬಿಡುತ್ತದೆ. ಹುಟ್ಟಿದಾಗಿನ ಕಾವು ಇನ್ನೂ ಆರಿಲ್ಲ, ಮತ್ತೆ ಅದು ಈಗಲೂ ಬಹಳ ನಿಧಾನವಾಗಿ ಕುಗ್ಗುತ್ತಿದೆ. ಉಳಿದ ಎಲ್ಲ ಗ್ರಹಗಳನ್ನೂ ತಕ್ಕಡಿಯ ಒಂದು ಕಡೆ ಹಾಕಿದರೂ ಗುರು ಅದರ ಎರಡೂವರೆ ಪಟ್ಟು ತೂಗುತ್ತದೆ. ಭೂಮಿಗೆ ಹೋಲಿಸಿದರೆ 318 ಪಟ್ಟು. ಇಷ್ಟೆಲ್ಲ ನೋಡಿದವರಿಗೆ ಇದು ಸಣ್ಣ ಸೂರ್ಯ ಅನ್ನಿಸಿದರೆ ತಪ್ಪೇನಿಲ್ಲ.

ಆದರೆ ಸೂರ್ಯನ ಪಕ್ಕ ನಿಲ್ಲಿಸಿದ ಕೂಡಲೇ ಲೆಕ್ಕ ಬದಲಾಗುತ್ತದೆ. ಗುರುವಿನ ದ್ರವ್ಯರಾಶಿ ಸೂರ್ಯನ 1047ನೇ ಒಂದು ಭಾಗ. ಒಡಲೊಳಗೆ ಹೈಡ್ರೋಜನ್ ಬೆಸೆದು ಹೀಲಿಯಂ ಆಗುವ ಕೆಲಸ ನಿರಂತರವಾಗಿ ನಡೆಯಬೇಕಾದರೆ ಸುಮಾರು 75ರಿಂದ 80 ಗುರುಗಳಷ್ಟು ದ್ರವ್ಯ ಬೇಕು. ಅಂದರೆ ನಮ್ಮ ಗುರು ಹೊಸ್ತಿಲ ಹತ್ತಿರವೂ ಬಂದಿಲ್ಲ. ನೂರಕ್ಕೆ 35 ಬೇಕಾದ ಕಡೆ 34 ತೆಗೆದವರ ಕಥೆ ಅಲ್ಲ ಇದು. ಒಂದೂ ಕಾಲು ಅಂಕ ಅಷ್ಟೇ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ಗುರುವಿನ ಮೇಲೆ ಇನ್ನೊಂದು ಗುರುವನ್ನು ತಂದು ಸುರಿದರೆ ಅದರ ಗಾತ್ರ ಎರಡು ಪಟ್ಟಾಗುವುದಿಲ್ಲ. ಹತ್ತು ಸುರಿದರೂ ಇಲ್ಲ, ಐವತ್ತು ಸುರಿದರೂ ಇಲ್ಲ. ಮೂಟೆಗೆ ಹತ್ತಿ ತುಂಬುವಾಗ ಕಾಲಿನಿಂದ ತುಳಿಯುತ್ತಾರಲ್ಲ, ಹಾಗೆ. ಮೇಲೆ ಹಾಕಿದಷ್ಟೂ ಒಳಗಿನದು ಒತ್ತಿಕೊಳ್ಳುತ್ತದೆ, ಮೂಟೆ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 13 ಗುರು ಆಗುವ ಹೊತ್ತಿಗೆ ಡ್ಯೂಟೀರಿಯಂ ಅನ್ನುವ ಭಾರದ ಹೈಡ್ರೋಜನ್ ಉರಿಯಲು ಶುರುವಾಗುತ್ತದೆ. ಅದು ಇರುವುದೇ ಸ್ವಲ್ಪ, ಬೇಗ ಮುಗಿಯುತ್ತದೆ. ಅಲ್ಲಿಂದ ಮುಂದಿನವನ್ನು ಕಂದು ಕುಬ್ಜಗಳು ಅನ್ನುತ್ತಾರೆ. 80ರ ಆಸುಪಾಸಿಗೆ ಬಂದಾಗ ನಿಜವಾದ ನಕ್ಷತ್ರ. ಆಗಲೂ ಅದರ ಅಗಲ ಗುರುವಿನ ಅಗಲದಷ್ಟೇ!

2017ರಲ್ಲಿ ಇಂಥ ಒಂದು ನಕ್ಷತ್ರದ ಸುದ್ದಿ ಬಂತು. ಹೆಸರು ಬಾಯಲ್ಲಿ ನಿಲ್ಲುವಂಥದ್ದಲ್ಲ: ಇಬಿಎಲ್‌ಎಂ ಜೆ0555-57 ಎಬಿ. ದ್ರವ್ಯರಾಶಿ 85 ಗುರುಗಳಷ್ಟು, ಗಾತ್ರ ಶನಿಗಿಂತ ಒಂಚೂರು ಜಾಸ್ತಿ. ಅದು ಸೂರ್ಯನಂಥ ಒಂದು ನಕ್ಷತ್ರದ ಸುತ್ತ ಸುತ್ತುತ್ತಿದೆ, ಅಂದರೆ ಯಮಳ ವ್ಯವಸ್ಥೆಯ ಚಿಕ್ಕ ಪಾಲುದಾರ. ಅದು ಮೊದಲು ಸಿಕ್ಕಿದ್ದು ಗ್ರಹಗಳನ್ನು ಹುಡುಕುತ್ತಿದ್ದವರಿಗೆ. ದೊಡ್ಡ ನಕ್ಷತ್ರದ ಮುಂದೆ ಅದು ಹಾದುಹೋದಾಗ ಬೆಳಕು ಸ್ವಲ್ಪ ಮಂಕಾಗುತ್ತಿತ್ತು, ಒಂದು ಅನಿಲ ದೈತ್ಯ ಹಾದುಹೋದರೆ ಆಗುವ ಹಾಗೆಯೇ. ನೆರಳು ನೋಡಿದರೆ ಗ್ರಹ, ತೂಗಿದರೆ ನಕ್ಷತ್ರ.

ಹಾಗಾಗಿ ಗಾತ್ರವನ್ನು ನಂಬುವ ಹಾಗಿಲ್ಲ. ಗುರುವನ್ನು ಜೋಡಿ ನಕ್ಷತ್ರಗಳ ಜೊತೆ ಹೋಲಿಸಬೇಕಾದರೆ ಬೇರೆಲ್ಲೋ ನೋಡಬೇಕು.

ಕ್ಯಾಸ್ಟರ್ ಕಡೆಗೆ

ಅವತ್ತು ರಾತ್ರಿ ಉತ್ತರ ಹೊಳೆಯದೆ ನಾನು ದೂರದರ್ಶಕವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿದೆ. ಪುನರ್ವಸುವಿನ ಎರಡರಲ್ಲಿ ಬಿಳಿಯಾಗಿ ಕಾಣುವುದು ಕ್ಯಾಸ್ಟರ್. ಬರಿಗಣ್ಣಿಗೆ ಒಂದೇ. 150 ಪಟ್ಟು ಹಿಗ್ಗಿಸಿ ನೋಡಿದರೆ ಎರಡು ಬಿಳಿ ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ, ಆದರೆ ನಡುವೆ ಕೂದಲೆಳೆಯಷ್ಟು ಕಪ್ಪು. ಗಾಳಿ ಅಲುಗಿದಾಗ ಸೇರಿಕೊಳ್ಳುತ್ತವೆ, ಗಾಳಿ ನಿಂತಾಗ ಬಿಟ್ಟುಕೊಳ್ಳುತ್ತವೆ. ಆ ಸಂದು, ಅದೇ ಐಪೀಸಿನಲ್ಲಿ ಈಗ ತಾನೇ ನೋಡಿದ್ದ ಗುರುವಿನ ಬಿಲ್ಲೆಯ ಎಂಟನೇ ಒಂದು ಭಾಗದಷ್ಟಿತ್ತು. ಗುರುವಿನ ಬಿಲ್ಲೆಯ ನಿಜವಾದ ಅಗಲ ಸುಮಾರು 1,40,000 ಕಿ.ಮೀ. ಅದರ ಮುಂದೆ ಎಳೆಯಷ್ಟು ಕಾಣುವ ಆ ಸಂದಿನ ನಿಜವಾದ ಅಳತೆ ಭೂಮಿ-ಸೂರ್ಯರ ನಡುವಿನ ದೂರದ 80 ಪಟ್ಟಿಗೂ ಜಾಸ್ತಿ. ಗುರುವಿನ ಬೆಳಕು ಅವತ್ತು ನಮಗೆ ತಲುಪಿದ್ದು ಸುಮಾರು 35 ನಿಮಿಷದಲ್ಲಿ. ಕ್ಯಾಸ್ಟರಿನದು ಹೊರಟು 51 ವರ್ಷ ಆಗಿತ್ತು.

ಜೋಡಿ ನಕ್ಷತ್ರಗಳು ನಿಜವಾಗಿಯೂ ಒಂದನ್ನೊಂದು ಸುತ್ತುತ್ತವೆ ಅಂತ ಮನುಷ್ಯರಿಗೆ ಖಾತ್ರಿಯಾಗಿದ್ದು ಇದೇ ಕ್ಯಾಸ್ಟರಿನಿಂದ. ವಿಲಿಯಂ ಹರ್ಷೆಲ್ ಸುಮಾರು 25 ವರ್ಷ ಇಂಥ ಜೋಡಿಗಳನ್ನು ಅಳೆಯುತ್ತಾ ಬಂದು, ಅವು ಜಾಗ ಬದಲಿಸಿವೆ ಎಂದು 1803ರಲ್ಲಿ ಬರೆದರು. ಆಕಸ್ಮಿಕವಾಗಿ ಒಂದೇ ದಿಕ್ಕಿನಲ್ಲಿ ಕಾಣುವ ಎರಡು ದೀಪಗಳಲ್ಲ, ಗುರುತ್ವ ಕಟ್ಟಿಹಾಕಿದ ಜೋಡಿ. ನನಗೆ ಇದು ದೊಡ್ಡ ಕ್ಷಣ ಅನ್ನಿಸುತ್ತದೆ. ಸೌರಮಂಡಲದ ಆಚೆಯೂ ಗುರುತ್ವದ್ದೇ ಆಡಳಿತ ಅಂತ ಕಣ್ಣಿಗೆ ಕಂಡಿದ್ದು ಆಗಲೇ. ಆ ಎರಡು ಚುಕ್ಕಿಗಳು ಒಂದು ಸುತ್ತು ಮುಗಿಸಲು ನಾಲ್ಕೂವರೆ ಶತಮಾನ ಬೇಕು. ಎರಡರಲ್ಲಿ ಒಂದೊಂದಕ್ಕೂ ಒಂದು ಪುಟ್ಟ ಕೆಂಪು ಜೊತೆಗಾರ ನಕ್ಷತ್ರವಿದೆ, ಅವು ಕೆಲವೇ ದಿನಗಳಲ್ಲಿ ಸುತ್ತು ಹಾಕುತ್ತವೆ. ದೂರದಲ್ಲಿ ಇನ್ನೊಂದು ಕೆಂಪು ಜೋಡಿ ಬೇರೆ. ಒಟ್ಟು ಆರು. "ಆರಾ!" ಅಂತ ಅವಳು ಸ್ಟೂಲಿನಿಂದ ಬೀಳುವ ಹಾಗಾದಳು.

ಚೆಂಡು, ದಾರ, ಚಿಕ್ಕಪ್ಪ

ಮರುದಿನ ಬೆಳಿಗ್ಗೆ ಅದೇ ತಾರಸಿಯಲ್ಲಿ ಅವಳ ಎರಡೂ ಕೈ ಹಿಡಿದು ಗರಗರ ಸುತ್ತಿಸಿದೆ. ನಾನು 60 ಕೆ.ಜಿ., ಅವಳು 20. ಅವಳ ಕಾಲು ನೆಲ ಬಿಟ್ಟಿತು. ಬೀಳದೆ ಸುತ್ತಬೇಕಾದರೆ ನಾನು ಹಿಂದಕ್ಕೆ ವಾಲಲೇಬೇಕು. ನನ್ನ ಕಾಲೂ ಒಂದೇ ಕಡೆ ನಿಲ್ಲದೆ ಸಣ್ಣ ವೃತ್ತದಲ್ಲಿ ಹೆಜ್ಜೆ ಹಾಕುತ್ತಿತ್ತು. ಯಾರು ಯಾರನ್ನು ಸುತ್ತುತ್ತಿದ್ದಾರೆ ಅಂತ ಕೇಳಿದೆ. "ಇಬ್ಬರೂ" ಅಂದಳು. ಅದೇ ಯಮಳ ನಕ್ಷತ್ರ. ಆಮೇಲೆ ಒಂದು ಟೆನ್ನಿಸ್ ಚೆಂಡನ್ನು ದಾರಕ್ಕೆ ಕಟ್ಟಿ ತಲೆಯ ಮೇಲೆ ಬೀಸಿದೆ. ಚೆಂಡು 58 ಗ್ರಾಂ ತೂಗುತ್ತದೆ. ನನಗೂ ಆ ಚೆಂಡಿಗೂ ಇರುವ ಅಂತರ ಹೆಚ್ಚುಕಡಿಮೆ ಸೂರ್ಯನಿಗೂ ಗುರುವಿಗೂ ಇರುವಷ್ಟೇ. ನನ್ನ ಕಾಲು ಕದಲಲಿಲ್ಲ. "ಈಗ ನೀನು ಸುತ್ತುತ್ತಿಲ್ಲ" ಅಂದಳು. ಸುತ್ತುತ್ತಿದ್ದೇನೆ, ನಿನಗೆ ಕಾಣುತ್ತಿಲ್ಲ ಅಷ್ಟೇ ಅಂದೆ. ನನ್ನ ಅಂಗಿಯ ತೋಳಿಗೆ ಕಣ್ಣು ತಾಗುವಷ್ಟು ಹತ್ತಿರ ಬಂದು ನೋಡಿದಳು. ಮೊಣಕೈ ಒಂಚೂರು ಎಳೆದು ಎಳೆದು ಬಿಡುತ್ತಿತ್ತು.

ಇಡೀ ವ್ಯತ್ಯಾಸ ಮತ್ತು ಇಡೀ ಹೋಲಿಕೆ ಎರಡೂ ಆ ಮೊಣಕೈಯಲ್ಲೇ ಇವೆ. ಗುರುತ್ವಕ್ಕೆ ಗ್ರಹ, ನಕ್ಷತ್ರ ಅನ್ನುವ ಭೇದ ಗೊತ್ತಿಲ್ಲ. ಗುರುವೂ ಸೂರ್ಯನನ್ನು ಎಳೆಯುತ್ತದೆ. ಇಬ್ಬರೂ ಸುತ್ತುವ ಆ ಸಮತೋಲದ ಬಿಂದು ಸೂರ್ಯನ ಕೇಂದ್ರದಿಂದ ಸುಮಾರು 7,42,000 ಕಿ.ಮೀ. ದೂರದಲ್ಲಿದೆ. ಸೂರ್ಯನ ತ್ರಿಜ್ಯ 6,96,000 ಕಿ.ಮೀ. ಅಂದರೆ ಆ ಬಿಂದು ಸೂರ್ಯನ ಮೈಯಿಂದ ಹೊರಗೇ ಬೀಳುತ್ತದೆ. ಸುಮಾರು 12 ವರ್ಷಕ್ಕೊಮ್ಮೆ ಸೂರ್ಯ ಅದರ ಸುತ್ತ ಒಂದು ಪುಟ್ಟ ಸುತ್ತು ಹಾಕುತ್ತಾನೆ, ಸೆಕೆಂಡಿಗೆ ಸುಮಾರು 12 ಮೀಟರ್ ವೇಗದಲ್ಲಿ. ಗುರುವಿನ ಜಾಗದಲ್ಲಿ 80 ಗುರುಗಳ ತೂಕದ ಒಂದು ಪುಟ್ಟ ನಕ್ಷತ್ರ ಇದ್ದಿದ್ದರೆ ಈ ವೇಗ ಸೆಕೆಂಡಿಗೆ ಒಂದು ಕಿ.ಮೀ. ಹತ್ತಿರ ಇರುತ್ತಿತ್ತು. ಬೇರೊಂದು ನಕ್ಷತ್ರದ ಬಳಿ ಕೂತು ನಮ್ಮ ಸೂರ್ಯನನ್ನು ನೋಡುವವರಿಗೆ ಎರಡರಲ್ಲೂ ಕಾಣುವ ನೆರಳು ಒಂದೇ, ನೂರರಲ್ಲಿ ಒಂದು ಭಾಗ ಬೆಳಕು ಕಡಿಮೆ. ಸೂರ್ಯನ ಓಲಾಟ ಅಳೆದ ಮೇಲಷ್ಟೇ ಜೊತೆಗಿರುವುದು ಗ್ರಹವೋ ನಕ್ಷತ್ರವೋ ಅಂತ ತಿಳಿಯುವುದು.

ಹೀಗೆ ನೆರಳು ನೋಡಿ ಜೊತೆಗಾರನನ್ನು ಊಹಿಸುವ ವಿದ್ಯೆ ಶುರುವಾಗಿದ್ದೂ ಯಮಳ ನಕ್ಷತ್ರದಿಂದಲೇ. ಅಲ್ಗಾಲ್ ನಕ್ಷತ್ರ 2 ದಿನ 21 ಗಂಟೆಗೊಮ್ಮೆ ಮಂಕಾಗುತ್ತದೆ ಅಂತ ಲೆಕ್ಕ ಹಾಕಿ, ದೊಡ್ಡ ಕಾಯವೊಂದು ಅದರ ಸುತ್ತ ಸುತ್ತುತ್ತಾ ಅಡ್ಡ ಬರುತ್ತಿರಬಹುದು ಅಂತ 1783ರಲ್ಲಿ ಬರೆದವರು ಜಾನ್ ಗುಡ್‌ರಿಕ್. ಕಿವಿ ಕೇಳಿಸದ, 18 ವರ್ಷದ ಹುಡುಗ. ಆ ಕಾಯ ಇನ್ನೊಂದು ನಕ್ಷತ್ರ ಅಂತ ರೋಹಿತದಿಂದ (ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಸಿಗುವ ಪಟ್ಟಿ) ಸಾಬೀತಾಗಲು ನೂರು ವರ್ಷಕ್ಕೂ ಜಾಸ್ತಿ ಬೇಕಾಯಿತು. ಇವತ್ತು ಸಾವಿರಾರು ಹೊರಗ್ರಹಗಳನ್ನು ಹುಡುಕಿರುವುದು ಅದೇ ನೆರಳಿನ ಉಪಾಯದಿಂದ.

ಮೋಸ ಹೋಗುವುದೂ ಇಲ್ಲೇ. ಎಚ್‌ಡಿ 114762 ಅನ್ನುವ ನಕ್ಷತ್ರ 84 ದಿನಕ್ಕೊಮ್ಮೆ ಓಲಾಡುತ್ತದೆ ಅಂತ 1989ರಲ್ಲಿ ಡೇವಿಡ್ ಲೇಥಮ್ ಮತ್ತು ಜೊತೆಯವರು ಪ್ರಕಟಿಸಿದರು. ಜೊತೆಗಾರನ ದ್ರವ್ಯರಾಶಿ ಕನಿಷ್ಠ 11 ಗುರುಗಳಷ್ಟು. ಅವರು ಎಚ್ಚರಿಕೆಯಿಂದ, ಬಹುಶಃ ಕಂದು ಕುಬ್ಜ ಇರಬೇಕು ಅಂದಿದ್ದರು. ಆದರೂ ಸೂರ್ಯನ ಆಚೆ ಸಿಕ್ಕ ಮೊದಲ ಗ್ರಹ ಇದೇ ಇರಬಹುದಾ ಅಂತ ಬಹಳ ವರ್ಷ ಮಾತು ನಡೆಯಿತು. ಆ 'ಕನಿಷ್ಠ' ಅನ್ನುವ ಪದದಲ್ಲಿ ಎಲ್ಲ ಅಡಗಿತ್ತು. ರೋಹಿತದಲ್ಲಿ ನಮಗೆ ಕಾಣುವುದು ನಮ್ಮ ಕಡೆಗೆ ಬರುವ, ನಮ್ಮಿಂದ ದೂರ ಹೋಗುವ ಚಲನೆ ಮಾತ್ರ. ನಾನು ಚೆಂಡು ಬೀಸುವಾಗ ಅವಳು ಎದುರು ನಿಂತು ನೋಡಿದರೆ ಒಂದು ಥರ, ನೇರ ಮೇಲಿನಿಂದ ಬಗ್ಗಿ ನೋಡಿದರೆ ಇನ್ನೊಂದು ಥರ. ಮೇಲಿನಿಂದ ನೋಡಿದವರಿಗೆ ಹತ್ತಿರ ಬರುವುದೂ ಇಲ್ಲ, ದೂರ ಹೋಗುವುದೂ ಇಲ್ಲ. ಮುಂದೆ ಗಾಯಾ ಅಂತರಿಕ್ಷ ನೌಕೆ ನಕ್ಷತ್ರಗಳ ಪಕ್ಕಪಕ್ಕದ ಓಲಾಟವನ್ನೂ ಅಳೆಯಿತು. ಆಗ ಗೊತ್ತಾಯಿತು, ಆ ಕಕ್ಷೆಯನ್ನು ನಾವು ಹೆಚ್ಚುಕಡಿಮೆ ನೇರ ಮೇಲಿನಿಂದಲೇ ನೋಡುತ್ತಿದ್ದೇವೆ. ಸಣ್ಣದು ಅಂದುಕೊಂಡಿದ್ದ ಓಲಾಟ ನಿಜಕ್ಕೂ ದೊಡ್ಡದು. ಆ ಜೊತೆಗಾರ ಗ್ರಹವೂ ಅಲ್ಲ, ಕಂದು ಕುಬ್ಜವೂ ಅಲ್ಲ, ಒಂದು ಕೆಂಪು ಕುಬ್ಜ ನಕ್ಷತ್ರ. ಮೂವತ್ತು ವರ್ಷ ಅದು ಬದಲಾಗಿರಲಿಲ್ಲ, ನಾವು ನಿಂತ ಜಾಗ ಹಾಗಿತ್ತು.

ಒಡಹುಟ್ಟು ಮತ್ತು ಮಗು

ಗಾತ್ರ ಹೇಳುವುದಿಲ್ಲ, ನೆರಳು ಹೇಳುವುದಿಲ್ಲ, ತೂಕವೂ ಒಮ್ಮೊಮ್ಮೆ ಮೋಸ ಮಾಡುತ್ತದೆ. ಹಾಗಾದರೆ ಅಸಲಿ ವ್ಯತ್ಯಾಸ ಎಲ್ಲಿದೆ? ನನಗೆ ಅನ್ನಿಸುವುದು, ಹುಟ್ಟಿನಲ್ಲಿ.

ಜೋಡಿ ನಕ್ಷತ್ರಗಳು ಒಂದೇ ಮೋಡದ ಮಕ್ಕಳು. ತಣ್ಣಗಿನ ಅನಿಲದ ಮೋಡ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ, ಕುಸಿಯುವಾಗ ಒಡೆಯುತ್ತದೆ. ಒಂದೊಂದು ತುಂಡೂ ತನ್ನ ಪಾಡಿಗೆ ತಾನು ಕುಸಿದು ನಕ್ಷತ್ರವಾಗುತ್ತದೆ. ಇಬ್ಬರೂ ಒಡಹುಟ್ಟಿದವರು. ಸೂರ್ಯನಂಥ ನಕ್ಷತ್ರಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಇಂಥ ಜೊತೆ ಇದೆ. ಇವುಗಳ ಕಕ್ಷೆಗಳು ಬಹಳ ಸಲ ಉದ್ದುದ್ದ ಎಳೆದ ಹಾಗಿರುತ್ತವೆ. ನಮಗೆ ಹತ್ತಿರದ ಆಲ್ಫಾ ಸೆಂಟಾರಿಯ ಎ ಮತ್ತು ಬಿ 80 ವರ್ಷಕ್ಕೊಮ್ಮೆ ಸುತ್ತುತ್ತವೆ. ಆ ಸುತ್ತಿನಲ್ಲಿ ಒಮ್ಮೆ ಶನಿಯಷ್ಟು ಹತ್ತಿರ ಬರುತ್ತವೆ, ಇನ್ನೊಮ್ಮೆ ನೆಪ್ಚೂನನ್ನೂ ದಾಟಿ ದೂರ ಹೋಗುತ್ತವೆ.

ಗುರು ಹುಟ್ಟಿದ್ದು ಹೀಗಲ್ಲ. ಸೂರ್ಯ ಹುಟ್ಟಿದ ಮೇಲೆ ಅದರ ಸುತ್ತ ಉಳಿದ ಅನಿಲ ಮತ್ತು ಧೂಳಿನ ತಟ್ಟೆಯಲ್ಲಿ ಕಣಕ್ಕೆ ಕಣ ಅಂಟಿತು, ಹಿಮ ಸೇರಿತು. ಕಲ್ಲು ಮತ್ತು ಹಿಮದ ಆ ಗಡ್ಡೆ ಸುಮಾರು ಹತ್ತು ಭೂಮಿಯಷ್ಟು ಬೆಳೆದ ಮೇಲೆ ಸುತ್ತಲಿನ ಅನಿಲವನ್ನು ಬಾಚಿಕೊಳ್ಳಲು ಶುರು ಮಾಡಿತು. ಆ ತಟ್ಟೆ ಕೆಲವು ದಶಲಕ್ಷ ವರ್ಷಗಳಲ್ಲಿ ಚದುರಿಹೋಗುತ್ತದೆ. ಗುರುವಿಗೆ ಸಿಕ್ಕಿದ್ದು ಅಷ್ಟೇ. ಕಕ್ಷೆ ಬಹುಪಾಲು ದುಂಡಗೆ ಇರುವುದು ಆ ತಟ್ಟೆಯಲ್ಲಿ ಬೆಳೆದದ್ದರ ಗುರುತು. ಇನ್ನೊಂದು ಗುರುತು ಅದರ ಗಾಳಿಯಲ್ಲೇ ಇದೆ. 1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆ ಬಿಟ್ಟ ಶೋಧಕ ಗುರುವಿನ ಮೋಡಗಳೊಳಗೆ ಇಳಿಯಿತು. ಸುಮಾರು ಒಂದು ಗಂಟೆ ಬದುಕಿ ವರದಿ ಕಳಿಸಿತು. ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್‌ನಂಥ ಅನಿಲಗಳು ಹೈಡ್ರೋಜನ್‌ಗೆ ಹೋಲಿಸಿದರೆ ಸೂರ್ಯನಲ್ಲಿ ಇರುವುದಕ್ಕಿಂತ ಎರಡು-ಮೂರು ಪಟ್ಟು ಜಾಸ್ತಿ ಇದ್ದವು. ಮೋಡದ ತುಂಡೊಂದು ನೇರವಾಗಿ ಕುಸಿದು ಗುರು ಆಗಿದ್ದರೆ ಎರಡರ ಪಾಕವೂ ಒಂದೇ ಇರಬೇಕಿತ್ತು. ಇಲ್ಲ. ಗುರು ಸೂರ್ಯನ ತಮ್ಮ ಅಲ್ಲ, ಸೂರ್ಯನ ಮಡಿಲಲ್ಲಿ ಬೆಳೆದದ್ದು.

ಎರಡೂ ಬಗೆಯವು ಒಂದೇ ಮನೆಯಲ್ಲಿ ಇರುವುದೂ ಉಂಟು. 2011ರಲ್ಲಿ ಕಂಡ ಕೆಪ್ಲರ್-16ರಲ್ಲಿ ಎರಡು ನಕ್ಷತ್ರಗಳು 41 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಅವುಗಳ ಅನುಪಾತ ಹೆಚ್ಚುಕಡಿಮೆ ನನಗೂ ಅಣ್ಣನ ಮಗಳಿಗೂ ಇರುವಷ್ಟು. ಎರಡನ್ನೂ ಸೇರಿಸಿ ಸುತ್ತುವ, ಶನಿಯಷ್ಟಿರುವ ಗ್ರಹವೊಂದಿದೆ, 229 ದಿನಕ್ಕೊಂದು ಸುತ್ತು. ಚಿಕ್ಕ ನಕ್ಷತ್ರವೂ ಆ ಗ್ರಹದ ಆರುನೂರು ಪಟ್ಟು ತೂಗುತ್ತದೆ.

ಈ ಎರಡು ಹುಟ್ಟಿನ ನಡುವೆ ಖಾಲಿ ಜಾಗ ಕೂಡ ಇದೆ. ಸೂರ್ಯನಂಥ ನಕ್ಷತ್ರಗಳ ಹತ್ತಿರದ ಜೊತೆಗಾರರನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಒಂದು ತುದಿಯಲ್ಲಿ ಗ್ರಹಗಳು ಬೇಕಾದಷ್ಟು, ಇನ್ನೊಂದು ತುದಿಯಲ್ಲಿ ನಕ್ಷತ್ರಗಳು ಬೇಕಾದಷ್ಟು. ನಡುವಿನ ಕಂದು ಕುಬ್ಜಗಳು ಬಹಳ ಅಪರೂಪ. ಖಗೋಳಿಗಳು ಇದನ್ನು ಕಂದು ಕುಬ್ಜಗಳ ಮರುಭೂಮಿ ಅನ್ನುತ್ತಾರೆ. ಒಂದೇ ದಾರಿಯಲ್ಲಿ ಕೆಲವರು ಮುಂದೆ, ಕೆಲವರು ಹಿಂದೆ ಅಂತಾಗಿದ್ದರೆ ನಡುವೆ ಹೀಗೆ ಬರಿದಾಗುತ್ತಿರಲಿಲ್ಲ. ಎರಡು ಬೇರೆ ಬೇರೆ ದಾರಿಗಳು ಇಲ್ಲಿ ಒಂದಕ್ಕೊಂದು ತಾಗದೆ ನಿಂತಿವೆ.

ಹಾಗಂತ ಬೇಲಿ ಅಷ್ಟು ಗಟ್ಟಿಯೂ ಅಲ್ಲ. 1995ರ ಅಕ್ಟೋಬರಿನಲ್ಲಿ ಫ್ಲಾರೆನ್ಸ್‌ನ ಒಂದೇ ಸಮ್ಮೇಳನದಲ್ಲಿ ಎರಡು ಸುದ್ದಿ ಹೊರಬಿತ್ತು. ಒಂದು, 51 ಪೆಗಾಸಿ ಸುತ್ತುವ ಗ್ರಹ, ಗುರುವಿನ ಅರ್ಧದಷ್ಟು. ಇನ್ನೊಂದು, ಗ್ಲೀಸ 229 ಬಿ, ಅನುಮಾನಕ್ಕೆ ಎಡೆಯಿಲ್ಲದ ಕಂದು ಕುಬ್ಜ. ಅದರ ತೂಕಕ್ಕೆ ಇರಬೇಕಾದ ಹೊಳಪು ಅದಕ್ಕಿಲ್ಲ ಅನ್ನುವ ಕೊರಗು ಮುಂದೆ ಉಳಿದೇ ಇತ್ತು. 2024ರಲ್ಲಿ ಉತ್ತರ ಸಿಕ್ಕಿತು. ಅದು ಒಂದಲ್ಲ, ಎರಡು. ಒಂದು 38 ಗುರು, ಇನ್ನೊಂದು 34 ಗುರು, 12 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಎರಡೂ ನಕ್ಷತ್ರ ಅಲ್ಲ, ಆದರೆ ಬದುಕುತ್ತಿರುವುದು ಅಪ್ಪಟ ಯಮಳ ನಕ್ಷತ್ರದ ಬದುಕು. ಇದನ್ನು ಓದಿದ ದಿನ ನನಗೆ ಬಹಳ ಖುಷಿಯಾಗಿತ್ತು. ಯಾಕೆ ಅಂತ ಈಗಲೂ ಸರಿಯಾಗಿ ಹೇಳಲು ಬರುವುದಿಲ್ಲ.

ಗುರುವಿನ ಹಿಂದೆ ಮುಂದೆ

ಗ್ರಹ ಅನ್ನಿಸಿಕೊಳ್ಳಲು ಏನಿರಬೇಕು ಅಂತ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಆಯೋಗವೊಂದು 2018ರಲ್ಲಿ ತನ್ನ ಕೆಲಸದ ವ್ಯಾಖ್ಯೆಯನ್ನು ತಿದ್ದಿತು. 13 ಗುರುಗಳಿಗಿಂತ ಕಡಿಮೆ ಇರಬೇಕು ಅನ್ನುವುದು ಮೊದಲೂ ಇತ್ತು. ಹೊಸದಾಗಿ ಸೇರಿದ್ದು ಅನುಪಾತ: ತಾನು ಸುತ್ತುವ ಕಾಯದ 25ನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ಈ 25 ಎಲ್ಲಿಂದ ಬಂತು ಅಂತ ಹುಡುಕಿದಾಗ ನನಗೆ ಸಿಕ್ಕಿದ್ದು ಟ್ರೋಜನ್ ಕ್ಷುದ್ರಗ್ರಹಗಳು.

ಗುರುವಿನ ಕಕ್ಷೆಯಲ್ಲೇ, ಅದಕ್ಕಿಂತ 60 ಡಿಗ್ರಿ ಮುಂದೆ ಒಂದು ಗುಂಪು, 60 ಡಿಗ್ರಿ ಹಿಂದೆ ಒಂದು ಗುಂಪು ಕಲ್ಲುಬಂಡೆಗಳು ಸೂರ್ಯನನ್ನು ಸುತ್ತುತ್ತಿವೆ. ಮೊದಲನೆಯದಾಗಿ ಅಕಿಲೀಸ್ ಅನ್ನು ಮ್ಯಾಕ್ಸ್ ವುಲ್ಫ್ 1906ರಲ್ಲಿ ಕಂಡರು. ಈಗ ಹತ್ತು ಸಾವಿರಕ್ಕೂ ಜಾಸ್ತಿ ಗೊತ್ತಿವೆ. ಸೂರ್ಯ ಮತ್ತು ಗುರು ಎರಡರ ಎಳೆತವೂ ಹದವಾಗಿ ಸೇರುವ ಜಾಗ ಅದು. ಆ ಹದ ಉಳಿಯಬೇಕಾದರೆ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರಿಗಿಂತ 25 ಪಟ್ಟಾದರೂ ಭಾರ ಇರಬೇಕು. ಅದಕ್ಕಿಂತ ಸಮಸಮ ಆದರೆ ಆ ಜಾಗದಲ್ಲಿ ಏನೂ ನಿಲ್ಲುವುದಿಲ್ಲ, ಎಲ್ಲವೂ ತೂರಿಹೋಗುತ್ತದೆ. ಕ್ಯಾಸ್ಟರಿನ ಆ ಎರಡು ಬಿಳಿ ಚುಕ್ಕಿಗಳ ಕಕ್ಷೆಯಲ್ಲಿ ಇಂಥ ಜಾಗ ಇರಲು ಸಾಧ್ಯವಿಲ್ಲ. ನಮ್ಮ ಗುರು ಸೂರ್ಯನ ಸಾವಿರದ ಒಂದು ಪಾಲು. ಅದರ ಹಿಂದೆ ಮುಂದೆ ಆ ಬಂಡೆಗಳು 400 ಕೋಟಿ ವರ್ಷಗಳಷ್ಟು ಹಳೆಯ ಸಾಮಾನನ್ನು ಹಾಗೇ ಇಟ್ಟುಕೊಂಡು ನಡೆಯುತ್ತಿವೆ.

ಮೊನ್ನೆ ಅವಳು ಮನೆಗೆ ಬಂದಾಗ ಇದನ್ನೇ ಹಾಳೆಯ ಮೇಲೆ ಬರೆದು ತೋರಿಸಿದೆ. ನಡುವೆ ಸೂರ್ಯ, ದೊಡ್ಡ ವೃತ್ತ, ವೃತ್ತದ ಮೇಲೆ ಗುರು. ಗುರುವಿನ ಮುಂದೊಂದಿಷ್ಟು, ಹಿಂದೊಂದಿಷ್ಟು ಪೆನ್ಸಿಲ್ ಚುಕ್ಕಿ. ಅವಳು ತುಂಬಾ ಹೊತ್ತು ನೋಡಿದಳು.

"ಇವು ಬಿದ್ದು ಹೋಗಲ್ವಾ ಚಿಕ್ಕಪ್ಪ?"

"ಇಲ್ಲ. ಗುರು ಇಷ್ಟೇ ಇರೋದಕ್ಕೇ ಬಿದ್ದಿಲ್ಲ. ನಕ್ಷತ್ರದಷ್ಟು ಭಾರ ಇದ್ದಿದ್ರೆ ಒಂದೂ ಉಳೀತಿರಲಿಲ್ಲ."

ಪೆನ್ಸಿಲ್ ನನ್ನ ಕೈಯಿಂದ ತೆಗೆದುಕೊಂಡು, ಎರಡೂ ಕಡೆ ಇನ್ನಷ್ಟು ಚುಕ್ಕಿ ಇಡಲು ಕೂತಳು.